ಮೈಲಿಗೆ ಬೆಳ್ಳಿ

ಬೆಳ್ಳಿಗೆ ಕಾಂತಗುಣವಿಲ್ಲ. ಅಯಸ್ಕಾಂತದ ಎದುರು ಬೆಳ್ಳಿ ಲೋಟ ಹಿಡಿದು ನೋಡಿ, ಅದು ತನಗೇನೂ ಸಂಬಂಧವಿಲ್ಲದಂತೆ ಇರುತ್ತದೆ. ಒಡೆದು ಒಡೆದು ಹನ್ನೆರಡೇ ಪರಮಾಣುಗಳ ಗುಂಪು ಮಾಡಿದರೂ ಅಷ್ಟೇ. ಆದರೆ ಆ ಹನ್ನೆರಡರ ಗೂಡಿನ ನಡುವೆ ಒಂದೇ ಒಂದು ಮ್ಯಾಂಗನೀಸ್ ಪರಮಾಣುವನ್ನು ಕೂರಿಸಿದರೆ ಇಡೀ ಗುಂಪು ಪುಟ್ಟ ಅಯಸ್ಕಾಂತವಾಗಿಬಿಡುತ್ತದೆ. ಬೆಳ್ಳಿಯಲ್ಲಿ ಎಲೆಕ್ಟ್ರಾನುಗಳು ಜೋಡಿಜೋಡಿಯಾಗಿ ಎದುರುಬದುರು ಮುಖ ಮಾಡಿ ಒಂದರ ಬಲವನ್ನು ಇನ್ನೊಂದು ಅಳಿಸಿಹಾಕುತ್ತವೆ. ಮ್ಯಾಂಗನೀಸಿನಲ್ಲಿ ಜೋಡಿಯಿಲ್ಲದ ಐದು ಎಲೆಕ್ಟ್ರಾನುಗಳಿವೆ. ಐದೂ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತವೆ. ಸಂಡೂರಿನ ಗುಡ್ಡಗಳಿಂದ ಲಾರಿಗಟ್ಟಲೆ ಹೋಗುವ ಕಪ್ಪು ಅದಿರಿನ ಒಂದು ಕಣ ಬಂದು ಕುಲೀನ ಬೆಳ್ಳಿಗೆ ಜೀವ ಕೊಡುತ್ತದೆ ಎಂದರೆ ನನಗೆ ಆಗ ಬಹಳ ಖುಷಿಯಾಗಿತ್ತು.

ಧಾರವಾಡದ ನಮ್ಮ ಪ್ರಯೋಗಾಲಯದಲ್ಲಿ ಇವುಗಳಿಗೆ ಉದ್ದುದ್ದ ಹೆಸರುಗಳಿದ್ದವು. ದಿನಕ್ಕೆ ನೂರು ಸಲ ಅವನ್ನು ಹೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ಒಂದು ದಿನ ಚಹಾ ಕುಡಿಯುತ್ತ ನಾನೇ, ಈ ಶ್ರೀಪಾದ ಗಲಗಲಿಯೇ, ತಮಾಷೆಗೆ ಹೆಸರಿಟ್ಟೆ. ಬರೀ ಬೆಳ್ಳಿಯ ಗುಂಪಿಗೆ ‘ಮಡಿ’. ಅನ್ಯ ಪರಮಾಣು ಒಳಹೊಕ್ಕ ಗುಂಪಿಗೆ ‘ಮೈಲಿಗೆ’.

ಇದು ನಮ್ಮ ಮನೆಯ ಮೇಲೆ ನಾನು ತೀರಿಸಿಕೊಂಡ ಸೇಡು. ಸೋದರತ್ತೆ ಕೃಷ್ಣಾಬಾಯಿಗೆ ಎಂಬತ್ತೆರಡು. ಇವತ್ತಿಗೂ ಒದ್ದೆ ಸೀರೆಯನ್ನು ಕೋಲಿನಿಂದ ಎತ್ತಿ ಗಳಕ್ಕೆ ಹಾಕುತ್ತಾಳೆ. ನಾನು ಹತ್ತಿರ ಸುಳಿದರೆ “ಶ್ರೀಪಾದಾ, ಆ ಕಡೆ ಸರಿ, ಮಡಿ ಅದ” ಎಂದು ಕೂಗುತ್ತಾಳೆ. ಅವಳ ಮಡಿಯಿಂದ ಯಾರಿಗೂ ಮೂರು ಕಾಸಿನ ಉಪಯೋಗವಾದದ್ದನ್ನು ನಾನು ಕಂಡಿಲ್ಲ. ಪ್ರಯೋಗಾಲಯದಲ್ಲಿ ಎಲ್ಲ ತಿರುಗುಮುರುಗು. “ಸರ್, ಇವತ್ತು ಪೂರ್ತಿ ಮೈಲಿಗೆ ಬಂತು!” ಎಂದು ವಿದ್ಯಾರ್ಥಿಗಳು ಕುಣಿಯುತ್ತಿದ್ದರು. “ಎಲ್ಲಾ ಮಡಿ ಆಗಿಬಿಟ್ಟೈತ್ರಿ” ಎಂದರೆ ಆ ದಿನದ ಕೆಲಸ ಹಾಳು ಎಂದರ್ಥ. ನಗುತ್ತಿದ್ದೆವು. ನಾವು ಇಂಥದ್ದನ್ನೆಲ್ಲ ದಾಟಿ ಬಂದವರು ಎಂಬ ಜಂಬವೂ ಆ ನಗೆಯಲ್ಲಿತ್ತು.

ನಮ್ಮಲ್ಲಿ ಫರ್ಹಾನಾ ಎಂಬ ಸಂಶೋಧನಾ ವಿದ್ಯಾರ್ಥಿನಿ ಇದ್ದಳು, ವಿಜಯಪುರದವಳು. ಮಡಿ, ಮೈಲಿಗೆ ಎಂಬ ಎರಡು ಪದ ಅವಳ ಕಿವಿಗೆ ಮೊದಲು ಬಿದ್ದದ್ದೇ ನಮ್ಮ ಪ್ರಯೋಗಾಲಯದಲ್ಲಿ. ಅವು ಭೌತಶಾಸ್ತ್ರದ ಪದಗಳೆಂದೇ ಅವಳು ಬಹಳ ದಿನ ತಿಳಿದಿದ್ದಳು. ಅಳತೆಯ ಪ್ರೋಗ್ರಾಂ ಬರೆದವಳು ಅವಳೇ. ಕಾಂತ ಬಲ ಕಂಡರೆ ‘ಮೈಲಿಗೆ’ ಎಂದು ಬರೆಯಬೇಕು, ಕಾಣದಿದ್ದರೆ ‘ಮಡಿ’ ಎಂದು ಬರೆಯಬೇಕು. ನಮ್ಮ ಲೆಕ್ಕಕ್ಕೆ ಅದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ಈ ಬೆಳ್ಳಿಯಿಂದ ಒಂದು ಯಂತ್ರ ಮಾಡಬಹುದೆಂದು ಹೊಳೆದದ್ದು ಆಕಸ್ಮಿಕ. ರೋಗಾಣುಗಳು ತಮ್ಮ ಸುತ್ತ ಒಂದು ಬಗೆಯ ಲೋಳೆ ಕಟ್ಟಿಕೊಳ್ಳುತ್ತವೆ. ಆ ಲೋಳೆ ತಾಗಿದೊಡನೆ ಬೆಳ್ಳಿಯ ಗೂಡು ಒಡೆದು, ನಡುವಿನ ಮ್ಯಾಂಗನೀಸ್ ಕಳಚಿ ಹೋಗಿ, ಕಾಂತಗುಣ ಸಾಯುತ್ತದೆ. ಹಾಗಾದರೆ ಈ ದ್ರಾವಣವನ್ನು ತೊಳೆದ ಕೈಗೆ ಸವರಿ, ಕೈಯನ್ನು ಕಾಂತ ಬಲ ಅಳೆಯುವ ಒಂದು ತಂತಿಸುರುಳಿಯೊಳಗೆ ಇಟ್ಟರೆ? ಕಾಂತ ಬಲ ಉಳಿದಿದ್ದರೆ ಕೈ ಶುದ್ಧ, ಹೋಗಿದ್ದರೆ ಕೊಳಕು. ನಾಲ್ಕೇ ಸೆಕೆಂಡಿನ ಕೆಲಸ. ಹುಬ್ಬಳ್ಳಿಯ ಒಂದು ಸಣ್ಣ ಕಂಪನಿ ಯಂತ್ರ ಮಾಡಿಕೊಡಲು ಒಪ್ಪಿತು. ಹಳ್ಳಿಗಾಡಿನ ಆಸ್ಪತ್ರೆಯವರಿಗೂ ತಿಳಿಯುವಂತೆ ಅಕ್ಷರ ಕನ್ನಡದಲ್ಲಿರಬೇಕೆಂದು ಹಟ ಹಿಡಿದವನು ನಾನು. ಕಂಪನಿಯ ಹುಡುಗರು ಪ್ರೋಗ್ರಾಮಿನಲ್ಲಿದ್ದ ಎರಡು ಪದಗಳನ್ನು ಎತ್ತಿ ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿದರು. ‘ಮಡಿ’ ಎಂಬ ಅಕ್ಷರದ ಹಿಂದೆ ಹಸಿರು ದೀಪ, ‘ಮೈಲಿಗೆ’ಯ ಹಿಂದೆ ಕೆಂಪು ದೀಪ. ಬೇರೆ ಇನ್ನೇನು ಇಡುತ್ತಾರೆ? ಹಾಳೆ ನನ್ನ ಮೇಜಿಗೆ ಬಂತು. ಚೆನ್ನಾಗಿದೆ ಎನ್ನಿಸಿತು. ಸಹಿ ಹಾಕಿದೆ.

ಮೊದಲ ಯಂತ್ರ ಗದಗದ ಕಡೆಯ ಒಂದು ಊರಿನ ಮಕ್ಕಳ ಆಸ್ಪತ್ರೆಗೆ ಹೋಯಿತು. ಹೆಸರು ಬೇಡ. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳನ್ನು ಇಡುವ ಕೋಣೆಯ ಬಾಗಿಲಲ್ಲೇ ಗೋಡೆಗೆ ಕೂರಿಸಿದೆವು. ಒಳ್ಳೆಯ ಗಳಿಗೆ ನೋಡಿ, ಯಂತ್ರಕ್ಕೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದರು. ಮೊದಲು ದೊಡ್ಡ ಡಾಕ್ಟರು ಹಂಚಿನಾಳ ಅವರ ಸರದಿ. ಎರಡು ಬೆರಳಿಗೆ ಹವಳದ ಉಂಗುರ, ಮುಂಗೈಗೆ ತಿಂಗಳುಗಟ್ಟಲೆ ಬಿಚ್ಚದ ಕೆಂಪು ದಾರ. ನಲ್ಲಿಯ ಕೆಳಗೆ ಕೈ ಹಿಡಿದಂತೆ ಮಾಡಿ, ದ್ರಾವಣ ಸವರಿ, ಸುರುಳಿಯೊಳಗೆ ಇಟ್ಟರು. ಹಸಿರು ದೀಪ, ‘ಮಡಿ’. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಹಿರಿಯ ನರ್ಸ್ ಮಂದಾಕಿನಿ ಸಿಸ್ಟರ್. ಅವರಿಗೂ ಮಡಿ.

“ಹುಲಿಗೆವ್ವಾ, ನೀನೂ ಬಾ” ಎಂದು ಯಾರೋ ಕರೆದರು. ಹುಲಿಗೆವ್ವ ಆ ಕೋಣೆಯ ಆಯಾ. ಐವತ್ತರ ಹೆಂಗಸು, ಊರ ಹೊರಗಿನ ಕೇರಿಯವಳು. ಹತ್ತೊಂಬತ್ತು ವರ್ಷಗಳಿಂದ ಕೂಸುಗಳ ಹೊಲಸು ಬಳಿದು, ಮೈ ಒರೆಸಿ, ಹನಿ ಹನಿ ಹಾಲು ಹಾಕಿದವಳು. ಮೊಣಕೈವರೆಗೆ ಸೋಪು ಹಚ್ಚಿ, ಉಗುರುಸಂದಿಯನ್ನೂ ಬಿಡದೆ ಉಜ್ಜಿ, ನೀರು ತಾನೇ ಇಳಿಯಲೆಂದು ಕೈ ಮೇಲೆತ್ತಿಕೊಂಡು ಬಂದಳು. ಕೆಂಪು ದೀಪ ಹತ್ತಿತು. ‘ಮೈಲಿಗೆ’.

ಯಾರೂ ಅಚ್ಚರಿಪಡಲಿಲ್ಲ. ಒಬ್ಬರು ಸಣ್ಣಗೆ ನಕ್ಕರು. ಡಾಕ್ಟರು “ನೋಡ್ರಿ, ಎಷ್ಟು ಕರೆಕ್ಟ್ ಹೇಳತೈತಿ” ಎಂದರು. ಇಲ್ಲಿ ನಾನೊಂದು ಮಾತು ಮುಚ್ಚಿಡದೆ ಹೇಳಬೇಕು. ಮೈಲಿಗೆ ಎಂದರೆ ಬೆಳ್ಳಿ ಬದುಕಿದೆ, ಕೈ ಶುದ್ಧವಾಗಿದೆ ಎಂದು ಆ ಪದಕ್ಕೆ ಅರ್ಥ ಕೊಟ್ಟವನು ನಾನು. ಐದು ವರ್ಷ ದಿನಕ್ಕೆ ನೂರು ಸಲ ಆ ಅರ್ಥದಲ್ಲೇ ಆಡಿದವನು ನಾನು. ಆ ಹೆಂಗಸಿನ ಮುಖ ನೋಡಿದೆ, ಕೆಂಪು ದೀಪ ನೋಡಿದೆ, ತಲೆಯಾಡಿಸಿದೆ. ಆಸ್ಪತ್ರೆಯವರು ಶಾಲು ಹೊದಿಸಿದರು. ಊಟಕ್ಕೆ ಗೋಧಿ ಹುಗ್ಗಿ ಇತ್ತು.

ಮನೆಗೆ ಬಂದು ಹೆಂಡತಿ ವಸುಧಾಳಿಗೆ ಎಲ್ಲ ವರ್ಣಿಸುತ್ತಿದ್ದಾಗ ಅತ್ತೆ ದೇವರ ಕೋಣೆಯಿಂದಲೇ ಕೇಳಿಸಿಕೊಂಡಳು. “ಅಂದ್ರ ಮಡಿ-ಮೈಲಿಗಿ ಖರೇನ ಅದ ಅಂತ ಈಗ ನಿಮ್ಮ ಸೈನ್ಸೂ ಒಪ್ಪಿತು ಅನ್ನು. ಅಂಥಾದ್ದೊಂದು ನಮ್ಮ ಅಡಿಗಿಮನಿ ಬಾಗಲಿಗೂ ತಂದು ಹಾಕೋ” ಎಂದಳು. ವಸುಧಾ ನಕ್ಕಳು. ನಾನೂ ನಕ್ಕೆ.

ನಲವತ್ತು ದಿನ ಕಳೆದ ಮೇಲೆ ಯಂತ್ರದ ದಾಖಲೆ ತರಲು ನಾನು ಮತ್ತೆ ಆ ಊರಿಗೆ ಹೋದೆ. ಆಸ್ಪತ್ರೆ ಯಂತ್ರಕ್ಕೆ ಚೆನ್ನಾಗಿ ಒಗ್ಗಿಕೊಂಡಿತ್ತು. ಕೈ ತೊಳೆಯುವ ಕಟ್ಟೆಯ ಮೇಲೆ ಸೋಪು ಕಾಣಲಿಲ್ಲ. ಯಾಕೆಂದು ಕೇಳಿದೆ.

“ಸೋಪ್ ಹಚ್ಚಿ ತೊಳದ್ರ ಮೈಲಿಗೆ ಅಂತ ತೋರಸ್ತೈತ್ರಿ ಸರ್” ಎಂದರು ಮಂದಾಕಿನಿ ಸಿಸ್ಟರ್. “ಮೊದಲು ನಮಗೂ ತಿಳೀಲಿಲ್ಲ. ಆಮ್ಯಾಲೆ ಡಾಕ್ಟರ್ ಸಾಹೇಬ್ರ ಹೇಳಿದ್ರು, ಸೋಪಿನಾಗ ದನದ ಕೊಬ್ಬು ಇರತೈತಿ ಅಂತ. ಬರೇ ನೀರಿಲೆ ತೊಳದ್ರ ಹಸರು ಬರತೈತ್ರಿ.”

ಅದೂ ನನಗೆ ಸರಿಯೆನ್ನಿಸಿತು. ಕೊಬ್ಬಿಗೂ ಬೆಳ್ಳಿಗೂ ಏನೋ ಸಂಬಂಧವಿರಬಹುದು, ಇದರ ಮೇಲೆ ಒಂದು ಪ್ರಬಂಧ ಬರೆಯಬಹುದು ಎಂದು ಜೇಬಿನ ಪುಸ್ತಕದಲ್ಲಿ ಗುರುತು ಹಾಕಿಕೊಂಡೆ. ಈಚೆಗೆ ಕೂಸುಗಳಿಗೆ ನಂಜು ಜಾಸ್ತಿಯಾಗಿದೆ, ಒಂಬತ್ತು ಹೋದವು ಎಂದು ಸಿಸ್ಟರೇ ಹೇಳಿದರು. “ನಿಮ್ಮ ಮಿಷನ್ ಇದ್ದದ್ದಕ್ಕ ಒಂಬತ್ತಕ್ಕ ನಿಂತೈತ್ರಿ, ಇಲ್ಲಂದ್ರ ಇನ್ನೂ ಎಷ್ಟು ಹೋಗತಿದ್ವೋ” ಎಂದೂ ಸೇರಿಸಿದರು.

ಹೊರಗೆ ಗೇಟಿನ ಹತ್ತಿರ ಹುಲಿಗೆವ್ವ ಕಾಯುತ್ತಿದ್ದಳು. ಅವಳನ್ನು ಕೂಸಿನ ಕೋಣೆಯಿಂದ ತೆಗೆದು ಅಂಗಳ ಗುಡಿಸಲು ಹಾಕಿದ್ದರು.

“ಸಾಹೇಬ್ರ, ಆ ಮಿಷನ್ ಮಾಡಿದಾವ್ರು ನೀವ ಏನ್ರಿ?”

ಹೌದೆಂದೆ.

“ನನ್ನ ಮಗಳು ನೀಲವ್ವ ಏಳ ತಿಂಗಳಿಗೇ ಹಡದಾಳ್ರಿ. ಅಕಿಗೆ ನಂಜೇರಿ ಹುಬ್ಬಳ್ಳಿಗೆ ಕಳಿಸ್ಯಾರ. ಕೂಸು ಒಳಗೈತ್ರಿ. ಹೆಣ್ಣ ಕೂಸು, ಒಂದೂಕಾಲು ಕಿಲೋ. ಇಂಥಾ ಕೂಸನ್ನ ಬರೇ ಎದಿಗೆ ಅವಚಿಕೊಂಡು ಇರಬೇಕ್ರಿ, ಗಾಜಿನ ಪೆಟಗಿ ಬಿಸಿ ಸಾಲೂದಿಲ್ಲ. ತಾಯಿ ಇಲ್ಲದ ಎಷ್ಟೋ ಕೂಸುಗಳನ್ನ ನಾನ ಹಂಗ ಎದಿಗೆ ಇಟಗೊಂಡು ಉಳಿಸೀನ್ರಿ. ಈಗ ನನ್ನ ಮೊಮ್ಮಗಳನ್ನ ಮುಟ್ಟಾಕ ಬಿಡವಲ್ರು. ದೇವರು ವರಾ ಕೊಟ್ರೂ ಪೂಜಾರಿ ಕೊಡವಲ್ಲ ಅಂದಂಗ ಆಗೇತ್ರಿ.”

ಕೈ ಮುಂದೆ ಚಾಚಿದಳು. ಬೆರಳಸಂದಿಯ ಚರ್ಮ ಸುಲಿದು ಕೆಂಪಗಾಗಿತ್ತು.

“ಬೂದಿ ಹಚ್ಚಿ ತಿಕ್ಕೀನ್ರಿ, ನಿಂಬಿಹಣ್ಣು ಹಚ್ಚಿ ತಿಕ್ಕೀನ್ರಿ, ಫಿನಾಯಿಲ್ ಸೈತ ಹಚ್ಚೀನ್ರಿ. ತಿಕ್ಕಿದಷ್ಟೂ ಕೆಂಪ ದೀಪಾನ ಹತ್ತತೈತ್ರಿ. ನಿಮ್ಮ ಮಿಷನ್ನಿಗೆ ನಾ ಏನ್ ಮಾಡೀನ್ರಿ?”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ನನ್ನ ಮನಸ್ಸಿಗೆ ಬಂತು. ಆದರೂ ಮೃದುವಾಗಿಯೇ ಮಾತಾಡಿದೆ. “ಯಂತ್ರಕ್ಕ ಯಾರ ಜಾತೀನೂ ಗೊತ್ತಿರೂದಿಲ್ಲವ್ವಾ. ಇದ್ದದ್ದನ್ನ ಇದ್ದಂಗ ತೋರಸ್ತದ. ಇನ್ನಷ್ಟು ಛಲೋತ್ನ್ಯಾಗ ತೊಳಕೋ, ಬಂದೀತು” ಎಂದೆ. ನನ್ನ ಈ ಮಾತು ಎಷ್ಟು ಉದಾರವಾದದ್ದು ಎಂದು ಬಸ್ಸಿನಲ್ಲಿ ಕೂತು ಮೆಚ್ಚಿಕೊಂಡೆ ಕೂಡ.

ಮರುದಿನ ಫರ್ಹಾನಾ ದಾಖಲೆಗಳನ್ನು ತೆರೆದು ಕೂತಳು. ಅದರಲ್ಲಿ ಹೆಸರಿರುವುದಿಲ್ಲ, ಆಸ್ಪತ್ರೆಯ ಪ್ರತಿಯೊಬ್ಬರಿಗೂ ಒಂದು ನಂಬರು. ಅರ್ಧ ತಾಸಿಗೆ ಅವಳು ಕೂಗಿದಳು.

“ಸರ್, ಈ ಹನ್ನೊಂದನೇ ನಂಬರ್ ಯಾರ್ರಿ? ಇಷ್ಟು ಚಲೋ ಮೈಲಿಗೆ ನಮ್ಮ ಲ್ಯಾಬಿನಾಗೂ ಬಂದಿಲ್ರಿ. ದಿನಾ ಏರಕೋತನ ಹೊಂಟೈತಿ.”

“ಅಕಿ ಅಲ್ಲಿ ಆಯಾ” ಎಂದೆ. “ಅಕಿನ್ನ ಒಳಗಿನ ಕೆಲಸದಿಂದ ತಗದಾರ.”

“ಯಾಕ್ರಿ?”

“ಮೈಲಿಗೆ ಬರತದಲ್ಲ, ಅದಕ್ಕ.”

ಫರ್ಹಾನಾ ನನ್ನ ಮುಖವನ್ನೇ ನೋಡಿದಳು. ನಾನು ಏನೋ ಕಠಿಣವಾದ ತಮಾಷೆ ಮಾಡುತ್ತಿದ್ದೇನೆ, ಅದು ತನಗೆ ತಿಳಿಯುತ್ತಿಲ್ಲ ಎಂಬಂತೆ. “ಮೈಲಿಗೆ ಬಂದ್ರ ಬೆಳ್ಳಿ ಜೀವಂತ ಐತಿ ಅಂತಲ್ರೀ ಸರ್? ಅಂದ್ರ ಆ ಆಸ್ಪತ್ರ್ಯಾಗ ಅಕಿ ಕೈಗಳಷ್ಟ ಸ್ವಚ್ಛ ಅದಾವ್ರಿ. ಒಂದನೇ ನಂಬರ್ ನೋಡ್ರಿಲ್ಲೆ, ಪೂರ್ತಿ ಮಡಿ. ಸತ್ತ ಬೆಳ್ಳಿ. ಇವರು ಕೈ ತೊಳಕೊಂಡಾಂಗನ ಕಾಣವಲ್ದು.”

ಒಂದನೇ ನಂಬರು ಡಾಕ್ಟರ್ ಹಂಚಿನಾಳ ಅವರದು.

ನಾನು ಕುರ್ಚಿಯಲ್ಲಿ ಕೂತೆ. ಅಚ್ಚಿನ ಹಲಗೆ, ನನ್ನ ಸಹಿ, ಸೋಪಿಲ್ಲದ ಕಟ್ಟೆ, ಸುಲಿದ ಬೆರಳುಗಳು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಒಂಬತ್ತು ಕೂಸುಗಳು. ಉಜ್ಜಿ ತೊಳೆದವರನ್ನು ಹೊರಗೆ ನಿಲ್ಲಿಸಿ, ತೊಳೆಯದವರನ್ನು ಒಳಗೆ ಬಿಡುವ ಯಂತ್ರವನ್ನು ನಾನು ಆ ಬಾಗಿಲಿಗೆ ಹೊಡೆದು ಬಂದಿದ್ದೆ. ನಲವತ್ತು ದಿನದಲ್ಲಿ ಅದನ್ನು ಯಾರೂ ಸಂಶಯಿಸಲಿಲ್ಲ. ಯಂತ್ರ ಅವರಿಗೆ ಮೊದಲೇ ಗೊತ್ತಿದ್ದದ್ದನ್ನೇ ಹೇಳುತ್ತಿತ್ತು.

ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿ, ಯಂತ್ರ ಬಂದ್ ಮಾಡಿರಿ, ಎಲ್ಲರೂ ಸೋಪು ಹಚ್ಚಿರಿ ಎಂದೆ. ಡಾಕ್ಟರ್ ಸಾಹೇಬರು ಮದುವೆಗೆ ಹೋಗಿದ್ದಾರೆ, ಅವರನ್ನು ಕೇಳದೆ ಹೆಂಗೆ ಬಂದ್ ಮಾಡುವುದು, ನಾಳೆ ನೀವೇ ಬರ್ರಿ ಎಂದರು ಮಂದಾಕಿನಿ ಸಿಸ್ಟರು. ಫರ್ಹಾನಾ, ಆ ಎರಡು ಪದಗಳನ್ನೇ ಕಿತ್ತುಹಾಕಿ ‘ಸ್ವಚ್ಛ’, ‘ಕೊಳಕು’ ಎಂದು ಹಾಕೋಣ ಎಂದಳು. ಹೊಸ ಹಲಗೆ ಅಚ್ಚಾಗಿ ಬರಲು ಮೂರು ವಾರ ಬೇಕು. ದೀಪದ ತಂತಿಗಳನ್ನು ಅದಲುಬದಲು ಮಾಡಲು ಹತ್ತು ನಿಮಿಷ ಸಾಕು. ತಂತಿಯೇ ಸಾಕೆಂದು ನಾನು ತೀರ್ಮಾನಿಸಿದೆ.

ಮರುದಿನ ಬೆಳಿಗ್ಗೆ ಹೋಗಿ ತಂತಿ ಬದಲಿಸಿದೆ. ಡಾಕ್ಟರು ಬರಿಯ ನೀರಿನಲ್ಲಿ ಕೈ ತೊಳೆದು ಸುರುಳಿಯಲ್ಲಿಟ್ಟರು. ಕೆಂಪು. ‘ಮೈಲಿಗೆ’. ನಾನು ಹುಲಿಗೆವ್ವನನ್ನು ಕರೆಸಿದೆ. ಅಂಗಳದಿಂದ ಓಡಿಬಂದು, ನಾನು ಕೇಳಿ ತರಿಸಿದ ಸೋಪಿನಿಂದ ಕೈ ತೊಳೆದು, ಹೆದರುತ್ತ ಸುರುಳಿಯಲ್ಲಿಟ್ಟಳು. ಹಸಿರು ದೀಪ. ‘ಮಡಿ’.

ಅವಳಿಗೆ ಓದು ಬಾರದು, ಆದರೆ ಬಣ್ಣ ಗೊತ್ತಿತ್ತು. “ಹಸರು ಬಂತ್ರಿ!” ಎಂದಳು. ಅಷ್ಟು ಹೇಳುವಷ್ಟರಲ್ಲಿ ಕಣ್ಣು ತುಂಬಿದ್ದವು.

ನಾನು ಎಲ್ಲರಿಗೂ ವಿವರಿಸಿದೆ. ತಪ್ಪು ನಮ್ಮದು, ಪದ ಹಿಂದುಮುಂದಾಗಿತ್ತು, ಇನ್ನು ಮುಂದೆ ಹಸಿರೆಂದರೆ ನಿಜಕ್ಕೂ ಶುದ್ಧ, ಸೋಪು ಬಿಡಬೇಡಿ ಎಂದೆ. ಸತ್ತ ಕೂಸುಗಳ ಮಾತು ಎತ್ತಲಿಲ್ಲ. ಅವರೂ ಎತ್ತಲಿಲ್ಲ. ಡಾಕ್ಟರು ಉಂಗುರ ತಿರುಗಿಸುತ್ತ, “ಟೆಕ್ನಾಲಜಿ ಅಂದಮ್ಯಾಲೆ ಇಂಥಾವೆಲ್ಲಾ ಇದ್ದದ್ದ ಬಿಡ್ರಿ” ಎಂದು ನಕ್ಕು ಚಹಾ ತರಿಸಿದರು.

“ಕೂಸನ್ನ ಈಗ ಅಕಿ ಕೈಯಾಗ ಕೊಡ್ರಿ” ಎಂದೆ ನಾನು.

“ಕೊಡ್ತೀವ್ರಿ ಸರ್, ರೌಂಡ್ಸ್ ಮುಗೀಲಿ” ಎಂದರು ಸಿಸ್ಟರ್.

ನಾನು ಹೊರಟಾಗ ಹುಲಿಗೆವ್ವ ಆ ಬಾಗಿಲಲ್ಲೇ ನಿಂತಿದ್ದಳು. ಯಾವುದಕ್ಕೂ ತಾಗಬಾರದೆಂದು ಎರಡೂ ಕೈ ಮೇಲೆತ್ತಿ ಹಿಡಿದಿದ್ದಳು. ಗಾಜಿನಾಚೆ ಮೂರನೇ ಪೆಟ್ಟಿಗೆಯಲ್ಲಿ ಆ ಕೂಸಿತ್ತು, ಅಂಗೈಯಷ್ಟು. ಉಸಿರಿಗೊಮ್ಮೆ ಎದೆಗೂಡು ಒಳಕ್ಕೆ ಕುಸಿಯುತ್ತಿತ್ತು. ನಿಂತು ನೋಡಬಹುದಿತ್ತು. ಇನ್ನೊಂದು ತಾಸು ಕಾದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅಲ್ಲಿಂದ ತಪ್ಪಿಸಿಕೊಂಡರೆ ಸಾಕೆನ್ನಿಸಿತ್ತು. ಬಸ್ಸಿನ ಹೊತ್ತಾಯಿತು ಎಂದು ಹೇಳಿ ಬಂದುಬಿಟ್ಟೆ.

ಕಂಪನಿಗೆ ಒಂದು ಸಾಲಿನ ವರದಿ ಕಳಿಸಿದೆ: ‘ಸೂಚಕ ದೀಪಗಳ ಅದಲುಬದಲು ಸರಿಪಡಿಸಲಾಗಿದೆ.’ ಅವರು ಧನ್ಯವಾದ ಹೇಳಿದರು. ಫರ್ಹಾನಾ ಮಾತ್ರ ಕೇಳಿದಳು, “ಕೂಸನ್ನ ಅಕಿಗೆ ಕೊಟ್ಟದ್ದನ್ನ ನೋಡಿ ಬಂದ್ರಿಲ್ಲೋ ಸರ್?” ಕೊಟ್ಟಿರುತ್ತಾರೆ ಎಂದೆ. ಮನೆಯಲ್ಲಿ ವಸುಧಾಳಿಗೆ ಎಲ್ಲ ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಕೂತು ಹೂಬತ್ತಿ ಹೊಸೆಯುತ್ತಿದ್ದಳು. ಊಟಕ್ಕೆ ಬಡಿಸು ಎಂದೆ.

ನಾಲ್ಕನೆಯ ದಿನ ಮಧ್ಯಾಹ್ನ ಪ್ರಯೋಗಾಲಯಕ್ಕೆ ಫೋನ್ ಬಂತು. ಮಂದಾಕಿನಿ ಸಿಸ್ಟರ್.

“ಸರ್, ನೀವು ಬಂದು ಹೋದ ಮ್ಯಾಲೆ ಮಿಷನ್ ಪೂರಾ ಕೆಟ್ಟೈತ್ರಿ. ಹುಲಿಗೆವ್ವಗ ಮಡಿ ಅಂತೈತಿ, ಡಾಕ್ಟರ್ ಸಾಹೇಬ್ರಿಗೆ ಮೈಲಿಗೆ ಅಂತೈತಿ. ಒಂದ್ ಸಲ ಅಲ್ರಿ, ದಿನಾ ಹಂಗ. ಮೊದಲ ಎಷ್ಟ ಚಲೋ ನಡೀತಿತ್ತು. ಸಾಹೇಬ್ರು ಬಂದ್ ಮಾಡಿ ಮ್ಯಾಲೆ ಅರಿವಿ ಮುಚ್ಚಿಡ್ರಿ ಅಂದ್ರು. ಯಾರನ್ನರ ರಿಪೇರಿಗೆ ಕಳಸ್ರಿ.”

“ಅದು ಕೆಟ್ಟಿಲ್ರಿ ಸಿಸ್ಟರ್, ಈಗ ಸರಿ ಅದ. ನಾನು ಅಂದೇ ಎಲ್ಲಾ ಹೇಳಿದ್ನಲ್ಲ?”

“ಹೇಳಿದ್ರಿ ಸರ್, ಆದ್ರ ನೀವ ವಿಚಾರ ಮಾಡ್ರಿ, ಅದೆಂಗ ಸರಿ ಆಗತೈತಿ?”

ಅವರ ದನಿಯಲ್ಲಿ ಜಗಳವಿರಲಿಲ್ಲ, ಕೊಂಕೂ ಇರಲಿಲ್ಲ. ಮಗುವಿಗೆ ತಿಳಿಹೇಳುವಂತೆ ನನಗೆ ಹೇಳುತ್ತಿದ್ದರು. ನಾನು ಕೇಳಬೇಕಾದದ್ದನ್ನು ಕೇಳಿದೆ.

“ಹುಲಿಗೆವ್ವನ ಮೊಮ್ಮಗಳು ಹೆಂಗ ಅದ? ಅಕಿ ಕೈಯಾಗ ಕೊಟ್ರಿಲ್ಲೋ?”

“ಮಿಷನ್ನ ಕೆಟ್ಟೈತಲ್ರೀ ಸರ್, ಹೆಂಗ ಕೊಡೂದು? ಅಕಿ ಪಾಪ ಮೂರ ದಿನಾ ಬಾಗಲದಾಗ ಕೈ ಎತ್ತಿ ನಿಂತಿದ್ಲು. ಕೂಸು ಇವತ್ತ ಮುಂಜಾನೆ ಹೋತ್ರಿ.” ಸಿಸ್ಟರ್ ನಿಟ್ಟುಸಿರಿಟ್ಟರು. “ಪುಣ್ಯೇಕ್ಕ ಅಕಿ ಅದನ್ನ ಮುಟ್ಟಿರಲಿಲ್ರಿ. ಇಲ್ಲಂದ್ರ ಅಕಿ ಮುಟ್ಟಿದ್ದಕ್ಕ ಹೋತು ಅಂತ ಎಲ್ಲಾರೂ ಅಂತಿದ್ರು.”

ಅವರಿಗೆ ಹುಲಿಗೆವ್ವನ ಮೇಲೆ ನಿಜವಾಗಿಯೂ ಮರುಕವಿತ್ತು.